ಆ ಬಾಗಿಲ ಎದುರು ಕುರ್ಚಿ ಹಾಕಿ ಕೂರುತ್ತಿದ್ದ ಗಿರಿಜಕ್ಕ

ನಂಬಲಿಕ್ಕೇ ಆಗುತ್ತಿಲ್ಲ...
ನಿನ್ನೆ ಸಂಜೆ ಫೋನಿನಲ್ಲಿ ನಗುತ್ತಿದ್ದರು.
ಇವತ್ತು ಬೆಳಗ್ಗೆ ಬೆಟಗೇರಿಯ ಮನೆಯಲ್ಲಿ... ಹಾರ್ಟ್ ಅಟ್ಯಾಕ್.
ಗಿರಿಜಕ್ಕ ಹೋಗಿಬಿಟ್ಟರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನೇಕಾರರ ಮನೆಯ ಮಗಳು. ನಮ್ಮ ಯೂನಿವರ್ಸಿಟಿಯಲ್ಲಿ ನನ್ನಂತೆಯೇ ಗೆಸ್ಟ್ ಲೆಕ್ಚರರ್.
ಅಲ್ಲೊಬ್ಬರು ಗೈಡ್... ಚಾಪ್ಟರ್ ನೋಡಬೇಕೆಂದು ಪಿಎಚ್‌ಡಿ ಹುಡುಗಿಯರನ್ನು ಕರೆದು ಚೇಂಬರಿನ ಬಾಗಿಲು ಹಾಕಿಕೊಳ್ಳುತ್ತಿದ್ದರು.
ಕಂಪ್ಲೇಂಟ್ ಕೊಟ್ಟರೆ ಕಮಿಟಿ ಕೇಳಿದ್ದು ಒಂದೇ, "ಸಾಕ್ಷಿ ಎಲ್ಲಿ?"
ಮರುದಿನದಿಂದ ಗಿರಿಜಕ್ಕ ಆ ಬಾಗಿಲ ಎದುರು ಕುರ್ಚಿ ಹಾಕಿಕೊಂಡು ಕೂತರು.
ಒಳಗೆ ಹುಡುಗಿ ಇರುವಷ್ಟು ಹೊತ್ತೂ ಹೊರಗೆ ಇವರು, ತೊಡೆಯ ಮೇಲೆ ಅಸೈನ್‌ಮೆಂಟ್ ಕಟ್ಟು.
ನಡುನಡುವೆ ಬಾಗಿಲು ಬಡಿದು, "ನೀರ ಬೇಕೇನವಾ?"
"ಇಲ್ಲ್ಯಾಕ ಕುಂತೀರಿ?" ಅಂತ ಅವರು ಸಿಡಿಮಿಡಿಗೊಂಡರೆ,
"ಗಾಳಿ ಚಲೋ ಬರ್ತೈತ್ರಿ ಸರ್."
ಕೊನೆಗೆ ಆ ಬಾಗಿಲು ತೆರೆದೇ ಇರತೊಡಗಿತು.

ಅಕ್ಕಾ...
ಒಂದು ದಿನ ನಿಮಗೆ ಜ್ವರ. ನನ್ನನ್ನು ಕೂರಿಸಿದಿರಿ.
ಅವರು ಹೊರಗೆ ಬಂದು ಮೆಲ್ಲಗೆ ಅಂದರು, "ನಿಮ್ಮ ರಿನ್ಯೂವಲ್ ಫೈಲ್ ನನ್ನ ಟೇಬಲ್ ಮ್ಯಾಲ ಐತ್ರಿ ಮೇಡಂ."
ನಾನು ಎದ್ದು ಹೋದೆ. ಹಿಂದೆ ಬಾಗಿಲು ಹಾಕಿದ ಸದ್ದು ಕೇಳಿಸಿತು.
ಅಂದು ಒಳಗಿದ್ದ ಲಕ್ಷ್ಮೇಶ್ವರದ ಹುಡುಗಿ ಮರುದಿನವೇ ಪಿಎಚ್‌ಡಿ ಬಿಟ್ಟಳು.
ಏನಾಯಿತೆಂದು ಕೇಳಲಿಕ್ಕೂ ನನಗೆ ಧೈರ್ಯವಾಗಲಿಲ್ಲ.
ನೀವು ಬೈಯಲಿಲ್ಲ. "ಅಂಜಿಕಿ ನನಗೂ ಐತಿ ತಂಗಿ. ಅಂಜಿಕೋಂತನ ಕುಂಡ್ರತೀನಿ" ಅಂದಿರಿ.

ಇವತ್ತು ಡಿಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಮೊದಲು ಕೈಮುಗಿದವರು ಆ ಗೈಡೇ ಅಕ್ಕ... "ತುಂಬಲಾರದ ನಷ್ಟ" ಅಂತೆ.
ಅದಾದ ಸ್ವಲ್ಪ ಹೊತ್ತಿಗೆ ಪಿಎಚ್‌ಡಿ ಹುಡುಗಿಯೊಬ್ಬಳಿಂದ ನನಗೊಂದು ಮೆಸೇಜ್ ಬಂತು. ಯಾರೆಂದು ಹೇಳಲಾರೆ, ಊರೂ ಹೇಳಲಾರೆ.
"ಮೇಡಂ, ಸರ್ ನಾಳೆ ಹನ್ನೊಂದಕ್ಕ ಬಾ ಅಂದಾರ. ಗಿರಿಜಾ ಮೇಡಂ ಇಲ್ಲಲ್ಲ, ಇನ್ನ ಆರಾಮ ಕುಂತ ಮಾತಾಡೂಣು ಅಂದಾರ್ರಿ. ನಾ ಏನ್ ಮಾಡ್ಲಿ?"


ನನ್ನ ಈ ವರ್ಷದ ರಿನ್ಯೂವಲ್ ಫೈಲೂ ಅವರ ಹತ್ತಿರವೇ ಇದೆ. ಈ ಪೋಸ್ಟನ್ನು ಅವರೂ ಓದುತ್ತಾರೆ... ಗೊತ್ತು.
"ನಾ ಬರ್ತೀನವಾ" ಎಂದು ರಿಪ್ಲೈ ಮಾಡಿದ್ದೇನೆ. ನಮ್ಮೂರು ಮುಂಡರಗಿಯಿಂದ ಬೆಳಗಿನ ಬಸ್ಸಿಗೇ ಹೊರಡುತ್ತೇನೆ.
ಆದರೆ ನನಗೆ ನನ್ನದೇ ಹೆದರಿಕೆ... ಒಬ್ಬಳೇ ಆದರೆ ಮತ್ತೆ ಎದ್ದು ಹೋಗಿಬಿಡುತ್ತೇನೆ.
ಇದನ್ನು ಓದಿದ ಗೆಳತಿಯರೇ, RIP ಎಂದು ಬರೆಯಬೇಡಿ.
ನಾಳೆ ಹನ್ನೊಂದಕ್ಕೆ ಆ ಬಾಗಿಲ ಎದುರು ಬನ್ನಿ. ನನ್ನ ಪಕ್ಕ ಕೂತುಕೊಳ್ಳಿ.

ಹೋಗಿ ಬನ್ನಿ ಗಿರಿಜಕ್ಕ...
ಇನ್ನಾದರೂ ನಿಮ್ಮ ಜೀವಕ್ಕೆ ಅಂಜಿಕೆಯಿಲ್ಲದ ನೆಮ್ಮದಿ ಸಿಗಲಿ.