ಕೇಳಿ ಕೆಡಿಸಿದ ದಾರಿ

ನನ್ನ ಮೇಜಿನ ಖಾನೆಯಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ದಪ್ಪನೆಯ ಪೆನ್ಸಿಲೊಂದಿದೆ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರ ಆಸ್ತಿ ಇಷ್ಟೇ ಎಂದು ನನ್ನಾಕೆ ಹಂಗಿಸುವುದುಂಟು. ಆದರೆ ಅದರ ನೀಲಿ ತುದಿಯಿಂದ ಕಾವೇರಿಯನ್ನು ಬೆಟ್ಟದಿಂದ ಕಡಲಿನ ತನಕ ಕೈಯೆತ್ತದೆ ಹರಿಸಬಲ್ಲವರು ಈ ಊರಿನಲ್ಲಿ ಇನ್ನೊಬ್ಬರಿಲ್ಲವೆಂಬ ಜಂಬ ನನಗೆ ಇವತ್ತಿಗೂ ಇದೆ. ಅದನ್ನು ಮುಚ್ಚಿಡುವ ವಯಸ್ಸೂ ಈಗ ದಾಟಿತು.

ಮಡಿಕೇರಿಯ ಅಂಚಿನಲ್ಲಿರುವ ನಮ್ಮ ಬಡಾವಣೆ ನಾನು ಬಂದಾಗ ಹನ್ನೊಂದು ಮನೆಗಳದ್ದು. ಈಗ ಗುಡ್ಡದ ಮೂರು ಮಗ್ಗುಲಿಗೂ ಮನೆ, ಹೋಮ್‌ಸ್ಟೇ, ಹೋಮ್‌ಸ್ಟೇ ಆಗಲು ಕಾಯುತ್ತಿರುವ ಮನೆ. ರಸ್ತೆಯಲ್ಲಿ ಪ್ರವಾಸಿಗರ ಜೀಪುಗಳ ಭರಾಟೆ. ಬೆಳಿಗ್ಗೆ ನಾಲ್ಕು ಹೆಜ್ಜೆ ನಡೆಯೋಣವೆಂದರೆ ಚರಂಡಿಗೆ ಹಾರಿ ಜೀವ ಉಳಿಸಿಕೊಳ್ಳಬೇಕು. ಹೀಗಾಗಿ ನಿವಾಸಿಗಳ ಸಂಘದವರು ಹಿತವಾಗಿ ಅಡ್ಡಾಡಲು ಕಾಲುದಾರಿಗಳ ಒಂದು ಜಾಲವನ್ನೇ ಮಾಡಬೇಕೆಂದು ತೀರ್ಮಾನಿಸಿ, ನಕ್ಷೆ ಬರೆಯುವ ಕೆಲಸವನ್ನು ನನಗೊಪ್ಪಿಸಿದರು. ಹಸಿದವನ ಮುಂದೆ ಎಲೆ ಹಾಕಿದ ಹಾಗಾಯಿತು.

ಎರಡು ತಿಂಗಳು ನಾನು ಗುಡ್ಡ ಅಲೆದೆ. ಹಿಂದಿನವರು ಗಡಿ ಕಾಯಲು ತೋಡಿದ ಆಳವಾದ ಕಂದಕವೊಂದು ನಮ್ಮ ಬೆನ್ನಿಗೇ ಇದೆ, ಕಡಂಗ ಎನ್ನುತ್ತಾರೆ. ಯುದ್ಧಕ್ಕೆಂದು ಅಗೆದ ಮಣ್ಣಿನಲ್ಲಿ ಈಗ ಜರಿಗಿಡ ಬೆಳೆದು, ಮಧ್ಯಾಹ್ನದಲ್ಲೂ ತಂಪು ಕೂತಿರುತ್ತದೆ. ವಾಕಿಂಗಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವ ಇಂಜಿನಿಯರೂ ಕಟ್ಟಲಾರ. ಕಡಂಗದಿಂದ ತೊರೆಗೆ, ತೊರೆಯಿಂದ ಶಾಲೆಗೆ, ಶಾಲೆಯಿಂದ ಮಂಜು ನೋಡುವ ಬಂಡೆಗೆ, ಹೀಗೆ ನನ್ನ ಕೆಂಪು ಗೆರೆ ಎಲ್ಲೂ ಕಡಿಯದೆ ಸುತ್ತಿ ಬಂದು ತನ್ನ ಬಾಲವನ್ನು ತಾನೇ ಹಿಡಿಯಿತು. ತೊರೆ ಮತ್ತು ಶಾಲೆಯ ನಡುವೆ ಮಾತ್ರ ಅದು ಪೂವಯ್ಯನವರ ಕಾಫಿ ಎಸ್ಟೇಟಿನ ಮೂಲೆಯೊಂದನ್ನು ದಾಟುತ್ತಿತ್ತು. ಅದೇನೂ ಹೊಸ ದಾರಿಯಲ್ಲ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪಾರ್ವತಿ ಇಪ್ಪತ್ತು ವರ್ಷದಿಂದ ದಿನವೂ ಅಲ್ಲೇ ನಡೆಯುತ್ತಾಳೆ.

ಆ ದಾರಿಗೂ ಒಂದು ಶಿಷ್ಟಾಚಾರವಿತ್ತೆಂದು ನನಗೆ ತಿಳಿದದ್ದು ಆಮೇಲೆ. ಕಾಫಿ ಹೂವಾದಾಗ ಗಿಡಕ್ಕೆ ಮೈ ತಾಗಿಸಬಾರದು. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಕೈಯಲ್ಲಿ ಚೀಲವಿರಬಾರದು. ಪಿಕ್ಕಿಂಗ್ ಶುರುವಾಯಿತೆಂದರೆ ಪಾರ್ವತಿ ತನ್ನ ಚೀಲವನ್ನು ಮನೆಯಲ್ಲೇ ಬಿಟ್ಟು, ಊಟದ ಡಬ್ಬಿಯನ್ನು ಎದೆಯ ಹತ್ತಿರ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಹೋಗುತ್ತಾಳೆ. ಯಾರೂ ಅವಳಿಗೆ ಹಾಗೆ ಹೇಳಿಲ್ಲ. ಯಾರೂ ಅವಳನ್ನು ತಡೆದೂ ಇಲ್ಲ.

ನಾನೋ, ಮೇಷ್ಟರ ಮನೆತನದವನು. ಬಾಯಿಮಾತು ಗಾಳಿಪಾಲು, ಬರೆದಿಟ್ಟದ್ದು ಬಾಳಿಕೆಯ ಪಾಲು ಎಂದು ನಂಬಿ ಬೆಳೆದವನು. ಇಪ್ಪತ್ತು ವರ್ಷದ ದಾರಿಗೆ ಒಂದು ಚೂರು ಕಾಗದವೂ ಇಲ್ಲವೆಂದರೆ ಹೇಗೆಂದು ಪಾರ್ವತಿಯ ಪರವಾಗಿಯೇ ಕಳವಳಗೊಂಡು, 'ಸದರಿ ಕಾಲುದಾರಿಯಲ್ಲಿ ಸಾರ್ವಜನಿಕರ ಓಡಾಟಕ್ಕೆ ನನ್ನ ಒಪ್ಪಿಗೆ ಇರುತ್ತದೆ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು, ಸಹಿಗೆ ಜಾಗ ಬಿಟ್ಟು, ನಕ್ಷೆಯ ಪ್ರತಿಯೊಂದಿಗೆ ಪೂವಯ್ಯನವರಿಗೆ ಕೊಟ್ಟು ಬಂದೆ. ಅವರು ಕಾಫಿ ಕೊಟ್ಟರು, ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು, ನಾಯಿಯ ಆರೋಗ್ಯದ ಬಗ್ಗೆ ಮಾತಾಡಿದರು.

ಮೂರನೆಯ ದಿನ ಬೆಳಿಗ್ಗೆ ಪಾರ್ವತಿ ನನ್ನ ಅಂಗಳದಲ್ಲಿ ನಿಂತಿದ್ದಳು.

"ಎಸ್ಟೇಟಿನ ಗೇಟಿಗೆ ಬೀಗ ಬಿದ್ದಿದೆ ಮೇಷ್ಟ್ರೇ. ಅಲ್ಲಿ ಲೆಕ್ಕ ಬರಿಯೋ ರೈಟ್ರು ಹೇಳಿದ್ರು, ನೀವು ಎಂತದೋ ಬರ್ದು ಕೊಟ್ರಂತೆ."

"ನಿನ್ನ ಒಳ್ಳೇದಕ್ಕೇ ಕಣಮ್ಮ ಬರೆದದ್ದು."

"ರಸ್ತೇಲಿ ಸುತ್ತಿ ಹೋದ್ರೆ ಮುಕ್ಕಾಲು ಗಂಟೆ. ಈ ಮೊಣಕಾಲಲ್ಲಿ ಏರು ಹತ್ತೋಕಾಗಲ್ಲ. ಒಲೆ ಹಚ್ಚೋದು ಲೇಟಾದ್ರೆ ಇನ್ನೊಬ್ಬಳನ್ನ ಇಟ್ಕೊಳ್ತಾರೆ, ಅಷ್ಟೇ. ನಿಮ್ಮ ಒಳ್ಳೇದು ನನಗೆ ಬೇಡಿತ್ತು."

ಗೆಳೆಯರೇ, ಮೂವತ್ತು ವರ್ಷದಲ್ಲಿ ಯಾವ ಇನ್‌ಸ್ಪೆಕ್ಟರೂ ನನಗೆ ಅಷ್ಟು ಕಡಿಮೆ ಅಂಕ ಕೊಟ್ಟಿರಲಿಲ್ಲ. ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿ ನೇರ ಪೂವಯ್ಯನವರ ಮನೆಗೆ ನಡೆದೆ.

ಅವರು ಸಿಟ್ಟಾಗಿರಲಿಲ್ಲ, ನನಗಿಂತ ಹೆಚ್ಚು ನೊಂದಂತಿದ್ದರು. "ಕೂತ್ಕೊಳ್ಳಿ ಮೇಷ್ಟ್ರೇ. ನೀವು ಕೇಳದೇ ಇದ್ದಿದ್ರೆ ನಾನು ಯಾವತ್ತೂ ಇಲ್ಲ ಅಂತಿರಲಿಲ್ಲ. ಕೇಳಿಬಿಟ್ರಿ. ಸೈನ್ ಹಾಕಿದ್ರೆ ನಾಳೆ ಮಕ್ಕಳು ಅಪ್ಪ ಜಾಗ ಬರ್ದು ಕೊಟ್ಟ ಅಂತಾರೆ. ಹಾಕದೇ ಗೇಟು ಬಿಟ್ಕೊಂಡಿದ್ರೆ, ನಕ್ಷೆ ನೋಡಿ ನಾಳೆ ಟೂರಿಸ್ಟು ಬರ್ತಾನೆ, ನಾಡಿದ್ದು ಲಾಯರ್ ಬರ್ತಾನೆ. ಪಾರ್ವತಿಗೆ ಬೀಗ ಹಾಕಿದ್ದಲ್ಲ ನಾನು. ನಿಮ್ಮ ಕಾಗದಕ್ಕೆ ಹಾಕಿದ್ದು."

ನಾನು ಕಾಗದ ವಾಪಸು ಕೇಳಿದೆ. ಅವರು ಕೊಡಲಿಲ್ಲ, ಮೊದಲು ನಕ್ಷೆಯಿಂದ ಗೆರೆ ಹೋಗಲಿ, ಆಮೇಲೆ ನೋಡೋಣವೆಂದರು.

ಮನೆಗೆ ಬಂದು ರಬ್ಬರು ಹಿಡಿದು ಕೂತೆ. ನಮ್ಮ ನೆಲದಲ್ಲಿ ಎಷ್ಟೊಂದು ಬಾಳು ಹೀಗೆ ಕೇಳದೆ, ಹೇಳದೆ ಸಾಗುತ್ತದಲ್ಲ! ಬೇರೆಯವರ ಬಾವಿಯಿಂದ ಒಂದು ಕೊಡ, ಬೇರೆಯವರ ಬೇಲಿಯಿಂದ ಒಂದು ಹಿಡಿ ಕರಿಬೇವು, ಬೇರೆಯವರ ತೋಟದೊಳಗಿಂದ ನೂರಿನ್ನೂರು ಹೆಜ್ಜೆ. ಕೊಡುವವನಿಗೆ ಕೊಟ್ಟೆನೆಂಬ ಬಿಂಕವಿಲ್ಲ, ಪಡೆಯುವವನಿಗೆ ಬೇಡಿದೆನೆಂಬ ಸಂಕೋಚವಿಲ್ಲ. ಹಕ್ಕೆಂದು ಬರೆದುಕೊಟ್ಟರೆ ಗಟ್ಟಿಯಾಗುವ ಸಂಗತಿಗಳು ಲೋಕದಲ್ಲಿ ಬೇಕಾದಷ್ಟಿವೆ, ಅವುಗಳಿಗಾಗಿ ಅರ್ಜಿ ಬರೆಯಲು ನಾನು ಈಗಲೂ ಸಿದ್ಧ. ಆದರೆ ಬರೆಯಹೊರಟರೆ ಮುರಿಯುವವೂ ಕೆಲವಿವೆ, ಅವನ್ನು ಗುರುತಿಸಲು ಭೂಗೋಳವೊಂದೇ ಸಾಲದು. ಉಜ್ಜಿದೆ. ನನ್ನ ಚೆಂದದ ಸುತ್ತುಗೆರೆಯಲ್ಲಿ ಹಲ್ಲು ಬಿದ್ದ ಜಾಗದಂತೆ ಒಂದು ಬಿಳಿ ಕಿಂಡಿ ಉಳಿಯಿತು.

ಸಂಘದ ಸಭೆಯಲ್ಲಿ ಕಾರ್ಯದರ್ಶಿ ಅದರ ಮೇಲೆಯೇ ಬೆರಳಿಟ್ಟರು. "ಇಲ್ಲಿ ದಾರಿ ಇಲ್ವಾ ಸಾರ್?"

"ನಕ್ಷೆಯಲ್ಲಿಲ್ಲ," ಎಂದೆ. "ಅಡ್ಡಾಡಲು ಬರುವವರು ಕಡಂಗದಿಂದ ತೊರೆಗೆ ಹೋಗಿ ತಿರುಗಲಿ. ಬಂಡೆಯ ಕಡೆಯದು ಬೇರೆ ದಾರಿ, ಶಾಲೆಯಿಂದ ಶುರು. ನಡುವೆ ಬೋರ್ಡು ಬೇಡ, ಬಾಣದ ಗುರುತೂ ಬೇಡ." ಜಾಲವೆಂದ ಮೇಲೆ ಕೂಡಬೇಡವೇ ಎಂದು ಯಾರೋ ಗೊಣಗಿದರು. ನಾನು ಬಗ್ಗಲಿಲ್ಲ, ಮೇಷ್ಟರ ದನಿ ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ. ನಕ್ಷೆ ಹಾಗೆಯೇ ಪಾಸಾಯಿತು. ಅದರ ಒಂದು ಪ್ರತಿಯನ್ನು, ಒಂದು ಮಾತೂ ಬರೆಯದೆ, ಪೂವಯ್ಯನವರ ಮನೆಗೆ ಕಳಿಸಿದೆ.

ಎರಡು ದಿನ ಕಳೆದು ಪಾರ್ವತಿ ಬಂದು, ಬೀಗವಿಲ್ಲ, ಬನ್ನಿ ನೋಡಿ ಎಂದಳು. ಅವಳ ಹಿಂದೆ ನಾನೂ ಗೇಟು ದಾಟಿದೆ. ಕಣದಲ್ಲಿ ಹರಡಿದ ಕಾಫಿಯ ಪಕ್ಕ ಪೂವಯ್ಯನವರು ನಿಂತಿದ್ದರು, ನಮ್ಮತ್ತಲೇ ಮುಖ ಮಾಡಿ. ಹೃದಯ ತುಂಬಿ ಬಂದು, ನಮಸ್ಕಾರ ಹೇಳಲು ಕೈಯೆತ್ತಿದೆ. ಪಾರ್ವತಿ ತಟ್ಟನೆ ನನ್ನ ತೋಳು ಹಿಡಿದಳು.

"ಮಾಡ್ಬೇಡಿ ಮೇಷ್ಟ್ರೇ. ನೀವು ನಮಸ್ಕಾರ ಮಾಡಿದ್ರೆ ಅವರು ನಮ್ಮನ್ನ ನೋಡಿದ ಹಾಗಾಗುತ್ತೆ."

ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ. ಪೂವಯ್ಯನವರು ನಿಧಾನವಾಗಿ ನಮಗೆ ಬೆನ್ನು ತಿರುಗಿಸಿ, ಒಣಗಿದ ಕಾಫಿಯನ್ನು ಕಾಲಿನಿಂದ ಹರವುತ್ತ ನಿಂತರು, ನಾವು ದಾಟುವಷ್ಟು ಹೊತ್ತು.