ಸರ್ವರ್ ಕೋಣೆಯ ಕುಂಕುಮ

ರಾಜಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿನ ಸರ್ವರ್ ಕೋಣೆ ನನ್ನ ಹಗಲುಗನಸಿನ ಜಾಗ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ತಂಪು, ಮಬ್ಬಿನಲ್ಲಿ ಮಿಣುಕುವ ಹಸಿರು ದೀಪಗಳು, ಒಂದೇ ಸಮನೆ ಗುಂಯ್ ಎನ್ನುವ ಫ್ಯಾನು. ಊಟವಾದ ಮೇಲೆ ಅಲ್ಲಿ ಕೂತರೆ ಕಣ್ಣು ಎಳೆಯುತ್ತಿತ್ತು. ಲಗ್ಗೆರೆಯಿಂದ ಬಂದು ಲ್ಯಾಬನ್ನು ಗುಡಿಸಿ ಒರೆಸುತ್ತಿದ್ದ, ನಾನು ಅಮ್ಮ ಎಂದೇ ಕರೆಯುತ್ತಿದ್ದ ಹೆಂಗಸು ಬಾಗಿಲು ತೆರೆದು, "ಏನ್ ಮಗಾ, ನಿದ್ದೆನಾ?" ಎಂದು ನಗುತ್ತಿದ್ದರು. ಆ ಕಟ್ಟಡದಲ್ಲಿ ಉಳಿದವರಿಗೆಲ್ಲ ನಾನು ಸಾರ್, ಅವರೊಬ್ಬರಿಗೆ ಮಗ. ನನಗದು ಹಿತವಾಗಿತ್ತು.

ಆ ವರ್ಷ ಆಯುಧಪೂಜೆಯಲ್ಲಿ ಅವರು ಸರ್ವರ್‌ಗೂ ಧಾರಾಳವಾಗಿ ಅರಿಸಿನ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟರು. ಹಿಂಬದಿಯ ಜಾಲರಿಗೂ ಒಂದು ಬೊಟ್ಟು. "ನಿಂಗೆ ಅನ್ನ ಹಾಕೋದು ಇದೇ ಅಲ್ವಾ ಮಗಾ" ಎಂದರು.

ಹಬ್ಬ ಕಳೆದ ವಾರದಲ್ಲೇ ಸರ್ವರ್ ತನ್ನಷ್ಟಕ್ಕೆ ಆರತೊಡಗಿತು. ಯುಪಿಎಸ್ ನೋಡಿದೆ, ಸರಿಯಿತ್ತು. ವೈರ್ ಬದಲಿಸಿದೆ, ಪ್ಲಗ್ ಬದಲಿಸಿದೆ. ಆದರೂ ಹತ್ತುತ್ತಿತ್ತು, ಆರುತ್ತಿತ್ತು. ಹೊರಗೆ ರಿಪೋರ್ಟಿಗೆ ಕಾದವರ ಗಲಾಟೆ. ಹಿಂದೆ ಬಗ್ಗಿ ನೋಡಿದರೆ ಸರ್ವರ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿಯ ಬಳಿ ಸುಟ್ಟ ವಾಸನೆ, ಅದರ ಜಾಲರಿಯಲ್ಲಿ ಕುಂಕುಮ. ನನಗೆ ಮೂಗಿನ ತುದಿಯಲ್ಲೇ ಕೋಪ. ಕೌಂಟರಿನವರು, ರೋಗಿಗಳು, ಎಲ್ಲರೆದುರು ಅಮ್ಮನ ಮೇಲೆ ಹಾರಾಡಿದೆ. "ಇದೇನ್ ದೇವಸ್ಥಾನನಾ? ನಿಮ್ಮಿಂದ ಮಿಷಿನ್ ಹಾಳಾಯ್ತು. ಇನ್ಮೇಲೆ ಆ ರೂಮಿಗೆ ಕಾಲಿಡ್ಬೇಡಿ!"

ಅವರು ಒರೆಸುವ ಬಟ್ಟೆ ಹಿಂಡುತ್ತಾ, "ಆಯ್ತು ಸಾರ್" ಎಂದರು.

ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಿಂದ ಹೊಸ ಪವರ್ ಸಪ್ಲೈ ತಂದು ಕೂರಿಸಿದೆ. ಸರ್ವರ್ ಹತ್ತಿತು, ಮತ್ತೆ ಆರಲಿಲ್ಲ. ಮರುದಿನ ಮಧ್ಯಾಹ್ನ ಅದೇ ತಂಪಿನಲ್ಲಿ, ಅದೇ ಗುಂಯ್ ಎನ್ನುವ ಸದ್ದಿನಲ್ಲಿ, ಅರೆ ಮಂಪರಿನಲ್ಲೇ ಹಳೆಯದರ ಸ್ಕ್ರೂ ಬಿಚ್ಚಿದೆ. ಒಳಗೆ ಕುಂಕುಮದ ಒಂದು ಕಣವೂ ಇರಲಿಲ್ಲ. ಇರುವುದಾದರೂ ಹೇಗೆ? ಅದರ ಫ್ಯಾನು ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಎಳೆಯುವುದಿಲ್ಲ. ಕೆಪಾಸಿಟರುಗಳ ತಲೆ ಉಬ್ಬಿ ಕಂದು ರಸ ಸೋರಿತ್ತು. ಅದಕ್ಕೆ ವಯಸ್ಸಾಗಿತ್ತು, ಅಷ್ಟೇ. ಬದಲಿಸಬೇಕೆಂದು ಗೊತ್ತಿದ್ದೂ ಒಂದು ವರ್ಷದಿಂದ ಮುಂದೂಡಿದವನು ನಾನೇ, ಆ ಕೋಣೆಯಲ್ಲೇ ತೂಕಡಿಸುತ್ತಾ.

ತುಂಬ ನಾಚಿಕೆಯಾಯಿತು. ಹಿಂದಿನ ಮೆಟ್ಟಿಲ ಬಳಿ ಅವರೊಬ್ಬರೇ ಇದ್ದಾಗ ಹೋಗಿ, "ಅಮ್ಮ, ತಪ್ಪು ನಂದೇ. ಕುಂಕುಮದಿಂದ ಏನೂ ಆಗಿರ್ಲಿಲ್ಲ" ಎಂದೆ.

"ಬಿಡಿ ಸಾರ್, ಮಿಷಿನ್ ಸರಿಹೋಯ್ತಲ್ಲ" ಎಂದು ಬಕೆಟ್ ಎತ್ತಿಕೊಂಡರು. ಎಲ್ಲರೆದುರು ಬೈದವನು ಯಾರೂ ಇಲ್ಲದ ಕಡೆ ತಪ್ಪೊಪ್ಪಿಕೊಂಡಿದ್ದೆ. ಅದು ನನಗೂ ಗೊತ್ತಿತ್ತು, ಅವರಿಗೂ.

ಆಮೇಲೆ ಮಧ್ಯಾಹ್ನ ಆ ಬಾಗಿಲು ತೆರೆಯಲೇ ಇಲ್ಲ. ಎಷ್ಟೋ ಸಲ ಮಂಪರಿನಲ್ಲಿ ಅವರ ನಗು ಕೇಳಿದಂತಾಗಿ ಎಚ್ಚರವಾಗುತ್ತಿತ್ತು. ಬರೀ ಫ್ಯಾನಿನ ಸದ್ದು.

ಮರುವರ್ಷದ ಆಯುಧಪೂಜೆಯಲ್ಲಿ ಅವರು ಫ್ರಿಜ್ಜಿಗೆ, ತೂಕದ ಯಂತ್ರಕ್ಕೆ, ನೀರಿನ ಫಿಲ್ಟರಿಗೆ, ಎಲ್ಲಕ್ಕೂ ಬೊಟ್ಟಿಟ್ಟರು. ನಾನು ಸರ್ವರ್ ಕೋಣೆಯ ಬಾಗಿಲನ್ನು ಅಗಲವಾಗಿ ತೆರೆದು, ಎಲ್ಲರಿಗೂ ಕೇಳುವಂತೆ, "ಬನ್ನಿ ಅಮ್ಮ, ನೀವೇ ಹಚ್ಚಿ" ಎಂದೆ.

ಅವರು ಹೊಸ್ತಿಲಾಚೆಯೇ ನಿಂತು ತಟ್ಟೆ ಚಾಚಿದರು. "ತಗೊಳ್ಳಿ ಸಾರ್, ನೀವೇ ಇಡಿ."