ಬುವಾಲೈ ಸರಿಸದೆ ಬಿಟ್ಟ ಹಾಳೆ

ಸಕೊನ್ ನಕೊನ್ ಪ್ರಾಂತ್ಯದಲ್ಲಿ ಚಳಿಗಾಲದ ನಸುಕು. ಬುವಾಲೈ ಕಪ್ಪೆಗಳಿರುವ ಸಿಮೆಂಟ್ ತೊಟ್ಟಿಯ ನೀರಿಗೆ ಮೊಣಕೈವರೆಗೆ ಕೈ ಇಳಿಸಿ ಕೂತಿದ್ದಾರೆ. “ಹತ್ತೊಂಬತ್ತು ಡಿಗ್ರಿ,” ಎನ್ನುತ್ತಾರೆ. ಪತ್ರಿಕೆಗೆ ಬರೆಯಲು ಬಂದಿರುವ ನಾನು ತಾಪಮಾಪಕ ಅದ್ದಿ ನೋಡಿದರೆ ಹತ್ತೊಂಬತ್ತೂವರೆ. “ಇವತ್ತಿವು ಮೇವು ಮುಟ್ಟಲ್ಲ. ಹಾಕಿದ್ರೆ ನೀರು ನಾರುತ್ತೆ, ಅಷ್ಟೆ.”

ಐವತ್ತೇಳರ ಈ ಹೆಂಗಸು ಅಡುಗೆಗೆ ಮಾರುವ ಕಪ್ಪೆ ಸಾಕಲು ಶುರುಮಾಡಿ ಹದಿನಾರು ವರ್ಷ. ಒಂಬತ್ತು ತೊಟ್ಟಿ, ಒಂದೊಂದರಲ್ಲಿ ಐನೂರು ಕಪ್ಪೆ. ನೀರು ಇಪ್ಪತ್ತೆಂಟರ ಆಸುಪಾಸಿದ್ದರೆ ಮೂರೇ ತಿಂಗಳಿಗೆ ಅಂಗೈ ತುಂಬುತ್ತವೆ. ಚಳಿಯಲ್ಲಿ ಐದು ತಿಂಗಳಾದರೂ ಸಣಕಲು. ಬಿಸಿಲು ನೇರ ಬಿದ್ದರೆ ಬೆದರಿ ಹಾರಿ ಗೋಡೆಗೆ ಮೂತಿ ಜಜ್ಜಿಕೊಳ್ಳುತ್ತವೆ. ಪೂರ್ತಿ ಕತ್ತಲಾದರೆ ಮೂಲೆ ಸೇರಿ ತಿನ್ನುವುದನ್ನೇ ಬಿಡುತ್ತವೆ. ಅದಕ್ಕೇ ಅರ್ಧ ತೊಟ್ಟಿಗೆ ನೆರಳುಬಲೆ, ಉಳಿದರ್ಧ ಬಯಲು. ಈ ಹದ ಕಲಿಯಲು ಸುತ್ತಲಿನ ಹಳ್ಳಿಯವರು ಬರುತ್ತಾರೆ. ಅವರು ಹೊಗಳಿದರೆ ಮಾತ್ರ ಬುವಾಲೈ ತಲೆ ಎತ್ತುವುದಿಲ್ಲ.

“ಇದೇ ಕೈಯಲ್ಲಿ ಎರಡು ಸಾವಿರ ಮರಿ ಬೇಯ್ಸಿದೀನಿ,” ಎನ್ನುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ಹಿಂಬದಿ ಬೀದಿಯ ಫಿಕುನ್ ಎಂಬಾಕೆ ಮಾರುವ ಗೊದಮೊಟ್ಟೆಗಳನ್ನು ಬುವಾಲೈ ಕೊಂಡು ತಂದಿದ್ದರು. ಚಳಿ ಜೋರಾಯಿತೆಂದು ತೊಟ್ಟಿಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಬಿಸಿಲೇರುವ ಮುನ್ನ ಅದನ್ನು ಸರಿಸಬೇಕು. ಮರುದಿನ ಸರಿಸದೆ ನೆಂಟರ ಗೃಹಪ್ರವೇಶಕ್ಕೆ ಹೋದರು. ಉಂಡು, ಕುಣಿದು, ಮಧ್ಯಾಹ್ನ ಮೂರು ಗಂಟೆಗೆ ಮರಳಿದರು.

“ಹಾಳೆ ಎತ್ತಿದ್ರೆ ನೀರು ಸುಡ್ತಿತ್ತು. ಎಲ್ಲಾ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದ್ವು. ಪಕ್ಕದ ಮನೆಯವ್ರು ಏನಾಯ್ತೇ ಅಂದ್ರು. ಏನೋ ರೋಗ ಅಂದ್ಬಿಟ್ಟೆ.”

ಮರಿ ಯಾರಿಂದ ಕೊಂಡದ್ದೆಂದು ಊರಿಗೆಲ್ಲ ಗೊತ್ತಿತ್ತು. ರೋಗದ ಮರಿ ಎಂದು ಫಿಕುನ್ ಬಳಿ ಕೊಳ್ಳುವವರೇ ಇಲ್ಲವಾದರು. ಗಂಡನಿಲ್ಲದ ಆಕೆ ತೊಟ್ಟಿ ಬರಿದು ಮಾಡಿ, ನೀಲಿ ಬಟ್ಟೆ ನೇಯುವ ಕೂಲಿಗೆ ಹೋದಳು. ನಾಲ್ಕು ತಿಂಗಳು ಬುವಾಲೈ ರೋಗವೆಂದೇ ಹೇಳುತ್ತಾ ಬಂದರು. ಕೊನೆಗೊಂದು ದಿನ ಬೌದ್ಧ ವಿಹಾರದ ಅಡುಗೆ ಚಪ್ಪರದಲ್ಲಿ, ಹೆಂಗಸರೆಲ್ಲರ ಎದುರು, ನಡೆದದ್ದನ್ನು ಹೇಳಿಬಿಟ್ಟರು.

ಫಿಕುನ್ ಪಪ್ಪಾಯಿ ಕೊಚ್ಚುತ್ತಿದ್ದಳು. ಕತ್ತಿ ನಿಂತಿತು. “ಮರಿ ಸತ್ತಿದ್ದು ಹೋಗ್ಲಿ ಅಕ್ಕಾ. ದಿನಾ ನಮ್ಮನೆ ಮುಂದೇ ಓಡಾಡ್ತಿದ್ಯಲ್ಲಾ, ಹೆಂಗೆ ಓಡಾಡ್ದೆ?”

ಫಿಕುನ್ ಈಗ ಮತ್ತೆ ಮರಿ ಮಾರುತ್ತಾಳೆ. ಬೇರೆ ಊರಿನವರು ಮಾತ್ರ ಇನ್ನೂ ಅನುಮಾನದಿಂದ ಮರಿಗಳನ್ನು ಬಟ್ಟಲಲ್ಲಿ ಕಲಕಿ ಕಲಕಿ ನೋಡುತ್ತಾರೆ.

ಹೊರಡುವಾಗ ನಾನು ಕ್ಯಾಮೆರಾ ತೆಗೆದೆ. ಬುವಾಲೈ ಒದ್ದೆ ಕೈಯನ್ನು ಅಡ್ಡ ಹಿಡಿದರು.

“ನನ್ನ ಫೋಟೋ ಬೇಡ, ಫಿಕುನ್ದು ಹಾಕಿ. ಕೆಳಗೆ ಬರೀರಿ, ಇವಳ ಮರಿಗೆ ಯಾವ ರೋಗಾನೂ ಇರ್ಲಿಲ್ಲ, ಬುವಾಲೈ ಸುಳ್ಳು ಹೇಳಿದ್ಲು ಅಂತ. ನನ್ನ ಹೆಸ್ರು ಮಾತ್ರ ಬಿಡ್ಬೇಡಿ.”